ಬ್ರಷ್ ಕಿಡಿಯ ಬೆನ್ನು ಹತ್ತಿದ ಹುಡುಗ

ಬೆಳಿಗ್ಗೆ ಚಟ್ನಿ ರುಬ್ಬುವಾಗ ಮಿಕ್ಸಿಯ ಸೀಳುಗಳ ಒಳಗೆ ನೀಲಿ ಕಿಡಿ ಹಾರುವುದನ್ನು ನೀವು ನೋಡಿರುತ್ತೀರಿ. ಕೆಲವು ದಿನ ಕಳೆದರೆ ಸುಟ್ಟ ವಾಸನೆ. ಆಮೇಲೊಂದು ದಿನ ಮಿಕ್ಸಿ ತಿರುಗುವುದೇ ಇಲ್ಲ. ರಿಪೇರಿ ಅಂಗಡಿಗೆ ಒಯ್ದರೆ ಕಾರ್ಬನ್ ಹೋಗಿದೆ ಎನ್ನುತ್ತಾರೆ, ಬೆರಳ ತುದಿಯಷ್ಟಿರುವ ಎರಡು ಕಪ್ಪು ತುಂಡು ಹಾಕಿ ಕೊಡುತ್ತಾರೆ.

ಅದೇ ಮನೆಯಲ್ಲಿ ವರ್ಷಗಟ್ಟಲೆ ತಿರುಗಿರುವ ಹಳೆಯ ಸೀಲಿಂಗ್ ಫ್ಯಾನ್‌ಗೆ ಯಾರೂ ಕಾರ್ಬನ್ ಹಾಕಿಸಿದ್ದಿಲ್ಲ. ಹೊಲದ ಕೊಳವೆಬಾವಿಯಲ್ಲಿ ನೂರಾರು ಅಡಿ ಆಳದಲ್ಲಿ ಮುಳುಗಿ ಕುಳಿತ ಮೋಟಾರಿಗೂ ಇಲ್ಲ. ಅದಕ್ಕೂ ಕಾರ್ಬನ್ ಇದ್ದಿದ್ದರೆ ಸವೆದಾಗಲೆಲ್ಲ ಪೈಪು ಎತ್ತಿಸಬೇಕಿತ್ತು. ನಮ್ಮ ರೈತರ ಗತಿ ಏನಾಗುತ್ತಿತ್ತೋ!

ಮಿಕ್ಸಿಗೂ ಬೋರ್‌ವೆಲ್ ಮೋಟಾರಿಗೂ ಇರುವ ಈ ವ್ಯತ್ಯಾಸದ ಹಿಂದೆ ಒಬ್ಬ ಹುಡುಗನ ಕಥೆಯಿದೆ. ಆತ ಕಾಲೇಜಿನಲ್ಲಿ ಒಂದು ಕಿಡಿ ನೋಡಿದ, ಮೇಷ್ಟ್ರ ಮುಂದೆ ಒಂದು ಮಾತು ಹೇಳಿ ಪೆಚ್ಚಾದ, ಡಿಗ್ರಿ ಇಲ್ಲದೆ ಕಾಲೇಜು ಬಿಟ್ಟ. ಆದರೆ ಕಿಡಿಯನ್ನು ಮರೆಯಲಿಲ್ಲ. ಆತನೇ ನಿಕೋಲಾ ಟೆಸ್ಲಾ.

ಪಾದ್ರಿಯಾಗಬೇಕಿದ್ದವ

ಟೆಸ್ಲಾ ಹುಟ್ಟಿದ್ದು 1856ರ ಜುಲೈ 10ರಂದು, ಸ್ಮಿಲ್ಯಾನ್ ಎಂಬ ಹಳ್ಳಿಯಲ್ಲಿ. ಆಗ ಅದು ಆಸ್ಟ್ರಿಯಾ ಸಾಮ್ರಾಜ್ಯದ ಗಡಿನಾಡು, ಇಂದು ಕ್ರೊಯೇಷಿಯಾಕ್ಕೆ ಸೇರಿದೆ. ಸರ್ಬ್ ಕುಟುಂಬ. ತಂದೆ ಮಿಲುಟಿನ್ ಆರ್ಥೊಡಾಕ್ಸ್ ಚರ್ಚಿನ ಪಾದ್ರಿ. ತಾಯಿ ಜೂಕಾ ಶಾಲೆ ಕಲಿತವರಲ್ಲ, ಆದರೆ ಮನೆಗೆಲಸಕ್ಕೆ ಬೇಕಾದ ಸಣ್ಣಪುಟ್ಟ ಸಾಧನಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಕೈಗುಣ ತನಗೆ ಬಂದದ್ದು ತಾಯಿಯಿಂದ ಎಂದು ಟೆಸ್ಲಾ ಕೊನೆಯವರೆಗೂ ನಂಬಿದ್ದ.

ಅಣ್ಣ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದರಿಂದ ಮನೆಯ ಆಸೆಯೆಲ್ಲ ಇವನ ಮೇಲೆ. ಮಗ ಪಾದ್ರಿಯಾಗಬೇಕೆಂದು ತಂದೆಯ ಹಟ. ಶಾಲೆ ಮುಗಿಯುವ ಹೊತ್ತಿಗೆ ಹುಡುಗನಿಗೆ ಕಾಲರಾ ಬಡಿಯಿತು. ತಿಂಗಳುಗಟ್ಟಲೆ ಹಾಸಿಗೆ ಹಿಡಿದ. ಬದುಕುವುದೇ ಅನುಮಾನ ಎನ್ನುವಾಗ, ಚೇತರಿಸಿಕೊಂಡರೆ ಎಂಜಿನಿಯರಿಂಗ್ ಓದಿಸುತ್ತೇನೆಂದು ತಂದೆ ಮಾತು ಕೊಟ್ಟರು. ಹುಡುಗ ಎದ್ದು ಕುಳಿತ. 1875ರಲ್ಲಿ ವಿದ್ಯಾರ್ಥಿವೇತನ ಪಡೆದು ಆಸ್ಟ್ರಿಯಾದ ಗ್ರಾಟ್ಸ್ ನಗರದ ಪಾಲಿಟೆಕ್ನಿಕ್ ಸೇರಿದ. ಮೊದಲ ವರ್ಷ ಓದಿನ ಹುಚ್ಚು ಹಿಡಿದವನಂತೆ ಓದಿದ, ಬೇಕಾದದ್ದಕ್ಕಿಂತ ಹೆಚ್ಚು ಪರೀಕ್ಷೆ ಬರೆದು ಪಾಸಾದ.

ತರಗತಿಯಲ್ಲಿ ಹಾರಿದ ಕಿಡಿ

ಎರಡನೇ ವರ್ಷ ಕಾಲೇಜಿಗೆ ಪ್ಯಾರಿಸ್‌ನಿಂದ ಗ್ರಾಮ್ ಡೈನಮೊ ಎಂಬ ಹೊಸ ಯಂತ್ರ ಬಂತು. ತಿರುಗಿಸಿದರೆ ಕರೆಂಟ್ ಕೊಡುತ್ತದೆ, ಕರೆಂಟ್ ಕೊಟ್ಟರೆ ತಾನೇ ತಿರುಗುತ್ತದೆ. ಭೌತಶಾಸ್ತ್ರದ ಪ್ರೊ. ಪೋಶ್ಲ್ ಅದನ್ನು ಮೋಟಾರಿನಂತೆ ಓಡಿಸಿ ತೋರಿಸುತ್ತಿದ್ದರು. ಬ್ರಷ್‌ಗಳಲ್ಲಿ ಕಿಡಿ ಜೋರಾಗಿ ಹಾರತೊಡಗಿತು.

ಬ್ರಷ್ ಎಂದರೆ ತಿರುಗುವ ಭಾಗಕ್ಕೂ ನಿಂತ ಭಾಗಕ್ಕೂ ನಡುವೆ ಕರೆಂಟ್ ದಾಟಿಸುವ ಸೇತುವೆ. ಆ ಕಾಲದಲ್ಲಿ ತಾಮ್ರದ ತಂತಿಗಳ ಕಟ್ಟನ್ನೇ ಒತ್ತಿ ಹಿಡಿಯುತ್ತಿದ್ದರು. ಅದು ನಿಜಕ್ಕೂ ಬ್ರಷ್‌ನಂತೆಯೇ ಕಾಣುತ್ತಿತ್ತು, ಹೆಸರು ಹಾಗೆಯೇ ಉಳಿದುಕೊಂಡಿತು. ಬ್ರಷ್ ಉಜ್ಜುವುದು ಕಮ್ಯುಟೇಟರ್ ಮೇಲೆ. ತಾಮ್ರದ ಪಟ್ಟಿಗಳನ್ನು ಒಂದರ ಪಕ್ಕ ಒಂದು ಜೋಡಿಸಿ, ನಡುವೆ ನಿರೋಧಕ ಇಟ್ಟು ಮಾಡಿದ ಉರುಳೆ ಅದು. ಒಂದೊಂದು ಪಟ್ಟಿ ಬ್ರಷ್ ಕೆಳಗೆ ಹಾದುಹೋಗುವಾಗಲೂ ಅದಕ್ಕೆ ಸೇರಿದ ಸುರುಳಿಯಲ್ಲಿ ಕರೆಂಟಿನ ದಿಕ್ಕು ಬದಲಾಗಬೇಕು. ಸುರುಳಿಯಲ್ಲಿ ಹರಿಯುವ ಕರೆಂಟ್ ದಿಢೀರನೆ ದಿಕ್ಕು ಬದಲಿಸಲು ಒಪ್ಪುವುದಿಲ್ಲ. ಒಪ್ಪದಿದ್ದಾಗ ಬ್ರಷ್ ಅಂಚಿನಲ್ಲಿ ಕಿಡಿಯಾಗಿ ಸಿಡಿಯುತ್ತದೆ.

ದಿಕ್ಕು ಬದಲಿಸಲು ಅನುಕೂಲವಾದ ಒಂದು ಜಾಗ ಇರುತ್ತದೆ, ಅದಕ್ಕೆ ತಟಸ್ಥ ಸ್ಥಾನ ಎನ್ನುತ್ತಾರೆ. ಲೋಡ್ ಹೆಚ್ಚುಕಡಿಮೆಯಾದಂತೆ ಈ ಜಾಗ ಸರಿಯುತ್ತದೆ. ಹಳೆಯ ಯಂತ್ರಗಳಲ್ಲಿ ಬ್ರಷ್‌ಗಳನ್ನು ಕೈಯಿಂದ ಸರಿಸುತ್ತಿರಲು ಒಬ್ಬ ಕೆಲಸಗಾರ ಬೇಕಿತ್ತು. ಇನ್ನೊಂದು ಸೂಕ್ಷ್ಮವಿದೆ. ಡೈನಮೊ ಆಗಿ ಓಡುವಾಗ ಈ ಜಾಗ ತಿರುಗುವ ದಿಕ್ಕಿಗೆ ಮುಂದಕ್ಕೆ ಸರಿದರೆ, ಮೋಟಾರಾಗಿ ಓಡುವಾಗ ಹಿಂದಕ್ಕೆ ಸರಿಯುತ್ತದೆ. ಡೈನಮೊಗೆಂದು ಹೊಂದಿಸಿದ ಬ್ರಷ್ ಇಟ್ಟುಕೊಂಡು ಮೋಟಾರ್ ಓಡಿಸಿದರೆ ಕಿಡಿ ಹಾರದೆ ಇನ್ನೇನು? ಗ್ರಾಟ್ಸ್‌ನ ತರಗತಿಯಲ್ಲಿ ಆದದ್ದು ಬಹುಶಃ ಇದೂ ಇರಬಹುದು.

ಟೆಸ್ಲಾಗೆ ಬೇರೆಯದೇ ಅನುಮಾನ ಬಂತು. ಬ್ರಷ್ ಹೊಂದಿಸುವ ತಲೆನೋವು ಏಕೆ, ಕಮ್ಯುಟೇಟರ್ ಇಲ್ಲದೆಯೇ ಮೋಟಾರ್ ಓಡಿಸಬಹುದಲ್ಲ ಎಂದು ಅಲ್ಲಿಯೇ ಹೇಳಿಬಿಟ್ಟ. ಪ್ರೊಫೆಸರ್ ಬಯ್ಯಲಿಲ್ಲ. ಆದರೆ ಅದು ಏಕೆ ಸಾಧ್ಯವಿಲ್ಲ ಎಂಬುದರ ಮೇಲೆಯೇ ಒಂದು ಪಾಠ ಮಾಡಿದರು. ಸದಾ ಒಂದೇ ದಿಕ್ಕಿಗೆ ಎಳೆಯುವ ಬಲವನ್ನು ಸುತ್ತುವ ಬಲವಾಗಿಸುವ ಆಸೆಗೆ ಇದನ್ನು ಹೋಲಿಸಿ, ಆಗದ ಮಾತು ಎಂದು ಮುಗಿಸಿದರು. ಇಡೀ ತರಗತಿಯ ಮುಂದೆ ಎರಡನೇ ವರ್ಷದ ಹುಡುಗನಿಗೆ ಉತ್ತರ ಇರಲಿಲ್ಲ. ಬೇಡ ಎನ್ನುವುದು ಸುಲಭ, ಅದರ ಬದಲು ಏನು ಎಂದು ಹೇಳುವುದು ಕಷ್ಟ.

ಕಾಲೇಜು ಬಿಟ್ಟ ದಿನಗಳು

ಇಲ್ಲಿಂದ ಕಥೆ ನೇರವಾಗಿ ಯಶಸ್ಸಿಗೆ ಹೋಗುವುದಿಲ್ಲ. ಟೆಸ್ಲಾಗೆ ಇಸ್ಪೀಟಿನ ಚಟ ಹತ್ತಿತು. ವಿದ್ಯಾರ್ಥಿವೇತನ ನಿಂತಿತು. ಪರೀಕ್ಷೆಗೆ ತಯಾರಾಗದೆ, 1878ರಲ್ಲಿ ಡಿಗ್ರಿ ಇಲ್ಲದೆ ಗ್ರಾಟ್ಸ್ ಬಿಟ್ಟ. ಮನೆಯವರಿಗೆ ಮುಖ ತೋರಿಸಲಾಗದೆ ಮಾರಿಬೋರ್ ಎಂಬ ಊರಿನಲ್ಲಿ ನಕ್ಷೆ ಬರೆಯುವ ಕೆಲಸ ಹಿಡಿದ. 1879ರಲ್ಲಿ ತಂದೆ ತೀರಿಕೊಂಡರು. ಮಾವಂದಿರು ಹಣ ಹೊಂದಿಸಿ ಪ್ರಾಗ್‌ಗೆ ಕಳಿಸಿದರು. ಅಲ್ಲಿಯೂ ವಿಶ್ವವಿದ್ಯಾಲಯಕ್ಕೆ ದಾಖಲಾಗಲು ಆಗಲಿಲ್ಲ, ಪಾಠ ಕೇಳಿಕೊಂಡು ಬಂದನಷ್ಟೇ.

1881ರಲ್ಲಿ ಬುಡಾಪೆಸ್ಟ್‌ನ ಟೆಲಿಫೋನ್ ಎಕ್ಸ್‌ಚೇಂಜ್ ಕೆಲಸ ಸಿಕ್ಕಿತು. ನಡುವೆ ಆರೋಗ್ಯ ಕೆಟ್ಟಿತು. 1882ರ ಫೆಬ್ರುವರಿಯಲ್ಲಿ ಗೆಳೆಯನೊಬ್ಬನ ಜೊತೆ ಊರ ಉದ್ಯಾನದಲ್ಲಿ ಸಂಜೆ ನಡೆಯುತ್ತಿದ್ದಾಗ, ಸುಮಾರು ಐದು ವರ್ಷದ ಹಿಂದಿನ ಪ್ರಶ್ನೆಗೆ ಉತ್ತರ ಹೊಳೆಯಿತು ಎಂದು ಆತನೇ ಮುಂದೆ ನೆನಪಿಸಿಕೊಂಡಿದ್ದಾನೆ. ಕೋಲಿನಿಂದ ಮರಳಿನ ಮೇಲೆ ಚಿತ್ರ ಬರೆದು ಗೆಳೆಯನಿಗೆ ವಿವರಿಸಿದನಂತೆ.

ಹೊಳೆದದ್ದು ಇಷ್ಟು. ಮೋಟಾರಿನ ನಿಂತ ಭಾಗದಲ್ಲಿ ಎರಡು ಜೊತೆ ಸುರುಳಿ ಇಡಬೇಕು. ಎರಡಕ್ಕೂ ಎ.ಸಿ. ಕೊಡಬೇಕು. ಆದರೆ ಒಂದರಲ್ಲಿ ಕರೆಂಟ್ ಏರುವಾಗ ಇನ್ನೊಂದರಲ್ಲಿ ಇಳಿಯುತ್ತಿರಬೇಕು. ಆಗ ಅವುಗಳ ಕಾಂತಕ್ಷೇತ್ರ ಸುತ್ತತೊಡಗುತ್ತದೆ; ಕಬ್ಬಿಣ, ತಾಮ್ರ ಯಾವುದೂ ಕದಲದೆ ಬರೀ ಕ್ಷೇತ್ರ ತಿರುಗುತ್ತದೆ. ಅದರ ನಡುವೆ ಇಟ್ಟ ಲೋಹದ ರೋಟರ್‌ನಲ್ಲಿ ತಾನಾಗಿ ಕರೆಂಟ್ ಹುಟ್ಟಿ, ಅದು ಕ್ಷೇತ್ರದ ಹಿಂದೆ ಓಡುತ್ತದೆ. ರೋಟರ್‌ಗೆ ಹೊರಗಿನಿಂದ ಕರೆಂಟ್ ದಾಟಿಸುವ ಅಗತ್ಯವೇ ಇಲ್ಲ. ದಾಟಿಸುವುದು ಇಲ್ಲವೆಂದರೆ ಬ್ರಷ್ ಇಲ್ಲ, ಕಿಡಿ ಇಲ್ಲ, ಸವೆತವೂ ಇಲ್ಲ.

ರಿಪೇರಿ ಕೆಲಸದ ಎಂಜಿನಿಯರ್

ಉತ್ತರ ಸಿಕ್ಕಿತು, ಕೇಳುವವರು ಸಿಗಲಿಲ್ಲ. 1882ರಲ್ಲಿ ಪ್ಯಾರಿಸ್‌ನ ಎಡಿಸನ್ ಕಂಪನಿ ಸೇರಿದ. ಕೆಲಸ ಡಿ.ಸಿ. ಡೈನಮೊಗಳನ್ನು ಸರಿಪಡಿಸುವುದು! ಯಾವ ಬ್ರಷ್ ಬೇಡ ಎಂದಿದ್ದನೋ ಅದೇ ಬ್ರಷ್‌ಗಳ ಜೊತೆ ದಿನದ ದುಡಿಮೆ. ಸ್ಟ್ರಾಸ್‌ಬರ್ಗ್‌ನ ವಿದ್ಯುತ್ ಸ್ಥಾವರದಲ್ಲಿ ವೈರಿಂಗ್ ದೋಷದಿಂದ ಅವಘಡವಾದಾಗ ಅದನ್ನು ಸರಿಪಡಿಸಲು ಕಳುಹಿಸಿದರು. ಹಗಲು ಕಂಪನಿಯ ಕೆಲಸ, ಉಳಿದ ಹೊತ್ತಿನಲ್ಲಿ ತನ್ನ ಮೋಟಾರು. 1883ರಲ್ಲಿ ಅಲ್ಲೇ ಅದರ ಮೊದಲ ಮಾದರಿ ತಿರುಗಿತು. ಬಂಡವಾಳ ಹಾಕಲು ಯಾರೂ ಮುಂದೆ ಬರಲಿಲ್ಲ.

1884ರ ಜೂನ್‌ನಲ್ಲಿ ನ್ಯೂಯಾರ್ಕ್‌ಗೆ ಬಂದು ಎಡಿಸನ್ ಕಾರ್ಖಾನೆಯಲ್ಲೇ ಸೇರಿದ. ಎಸ್.ಎಸ್. ಒರೆಗಾನ್ ಎಂಬ ಹಡಗಿನ ಡೈನಮೊ ಕೆಟ್ಟು ಪ್ರಯಾಣ ನಿಂತಿದ್ದಾಗ ರಾತ್ರಿಯಿಡೀ ಕೂತು ಸರಿಮಾಡಿದ್ದನ್ನು ಆತ ಹೆಮ್ಮೆಯಿಂದ ನೆನೆಯುತ್ತಿದ್ದ. ಆರು ತಿಂಗಳಲ್ಲೇ ಆ ಕೆಲಸ ಬಿಟ್ಟ.

ನಂತರ ಕೆಲವು ಹೂಡಿಕೆದಾರರ ಜೊತೆ ಬೀದಿದೀಪಗಳ ಕಂಪನಿ ಶುರುವಾಯಿತು. ಇಲ್ಲಿ ಒಂದು ಸಂಗತಿ ನನಗೆ ಬಹಳ ಮುಖ್ಯ ಅನಿಸುತ್ತದೆ. 1886ರ ಜನವರಿಯಲ್ಲಿ ಟೆಸ್ಲಾಗೆ ಅಮೆರಿಕದ ಮೊದಲ ಪೇಟೆಂಟ್ ಸಿಕ್ಕಿತು. ಅದು ಕಮ್ಯುಟೇಟರ್ ಇಲ್ಲದ ಮೋಟಾರಿಗಲ್ಲ. ಕಮ್ಯುಟೇಟರ್‌ನಲ್ಲಿ ಕಿಡಿ ಹಾರದಂತೆ ಮಾಡುವ ಸುಧಾರಣೆಗೆ! ಬ್ರಷ್ಷೇ ಬೇಡ ಎಂಬ ಕನಸು ಇಟ್ಟುಕೊಂಡವನು, ಅದು ನನಸಾಗುವವರೆಗೆ ಇರುವ ಬ್ರಷ್ಷನ್ನೇ ಸುಧಾರಿಸುತ್ತ ಕೂತಿದ್ದ. ದೊಡ್ಡ ಕನಸಿರುವವರು ಸಣ್ಣ ಕೆಲಸ ಮಾಡಬಾರದು ಎಂದು ಆತ ಭಾವಿಸಲಿಲ್ಲ.

ಆ ಪೇಟೆಂಟ್ ಕೂಡ ಕೈಗೆ ಉಳಿಯಲಿಲ್ಲ. ಹೂಡಿಕೆದಾರರು ಆತನನ್ನು ಹೊರಗಿಟ್ಟರು. ಪೇಟೆಂಟ್‌ಗಳು ಕಂಪನಿಯ ಹೆಸರಿನಲ್ಲಿದ್ದವು, ಟೆಸ್ಲಾ ಕೈಯಲ್ಲಿ ಬೆಲೆಯಿಲ್ಲದ ಷೇರು ಪತ್ರ. 1886-87ರ ಚಳಿಗಾಲದಲ್ಲಿ ದಿನಕ್ಕೆ ಎರಡು ಡಾಲರ್ ಕೂಲಿಗೆ ಕಾಲುವೆ ಅಗೆದ. ಆಗ ಆತನಿಗೆ 30 ವರ್ಷ. ನಾಲ್ಕು ಭಾಷೆಗೂ ಹೆಚ್ಚು ಬಲ್ಲವ, ಮೋಟಾರ್ ಮಾಡಿ ಓಡಿಸಿ ತೋರಿಸಿದವ, ಸಲಿಕೆ ಹಿಡಿದಿದ್ದ.

ಉತ್ತರಕ್ಕೆ ಬೆಲೆ ಬಂದದ್ದು

1887ರಲ್ಲಿ ಇಬ್ಬರು ಹೊಸ ಪಾಲುದಾರರು ಸಿಕ್ಕರು. ನ್ಯೂಯಾರ್ಕ್‌ನ ಲಿಬರ್ಟಿ ಬೀದಿಯಲ್ಲಿ ಪ್ರಯೋಗಾಲಯ ತೆರೆಯಿತು. 1888ರ ಮೇ 1ರಂದು ಎ.ಸಿ. ಮೋಟಾರ್ ಮತ್ತು ವಿದ್ಯುತ್ ಸಾಗಣೆಯ ಹಲವು ಪೇಟೆಂಟ್‌ಗಳು ಒಟ್ಟಿಗೆ ಬಂದವು. ಅದೇ ತಿಂಗಳ 16ರಂದು ಅಮೆರಿಕದ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯಲ್ಲಿ ಉಪನ್ಯಾಸ. ಕೆಲವೇ ವಾರಗಳಲ್ಲಿ ವೆಸ್ಟಿಂಗ್‌ಹೌಸ್ ಕಂಪನಿ ಹಕ್ಕು ಪಡೆಯಿತು. ಗ್ರಾಟ್ಸ್‌ನ ತರಗತಿಯಿಂದ ಇಲ್ಲಿಗೆ ಹನ್ನೊಂದು ವರ್ಷಕ್ಕೂ ಹೆಚ್ಚು.

ಈ ಕೀರ್ತಿ ಟೆಸ್ಲಾ ಒಬ್ಬನದೇ ಎನ್ನುವುದು ತಪ್ಪು. ಇಟಲಿಯ ಗೆಲಿಲಿಯೊ ಫೆರಾರಿಸ್ ಸ್ವತಂತ್ರವಾಗಿ ಇದೇ ತತ್ವ ಕಂಡುಕೊಂಡು 1888ರಲ್ಲೇ ಪ್ರಕಟಿಸಿದ್ದರು. ಯುರೋಪಿನಲ್ಲಿ ಡೊಲಿವೊ ಡೊಬ್ರೊವೊಲ್ಸ್‌ಕಿ ಮೂರು ಫೇಸ್‌ನ ಗಟ್ಟಿಮುಟ್ಟಾದ ಮೋಟಾರ್ ರೂಪಿಸಿದರು. ವೆಸ್ಟಿಂಗ್‌ಹೌಸ್‌ನಲ್ಲಿ ಬೆಂಜಮಿನ್ ಲ್ಯಾಮ್, ಚಾರ್ಲ್ಸ್ ಸ್ಕಾಟ್ ಮೊದಲಾದವರು ವರ್ಷಗಟ್ಟಲೆ ದುಡಿದ ಮೇಲೆಯೇ ಟೆಸ್ಲಾ ಮೋಟಾರು ಮಾರುಕಟ್ಟೆಗೆ ಬರುವಂತಾಯಿತು. 1896ರ ನವೆಂಬರ್‌ನಲ್ಲಿ ನಯಾಗರದ ಎ.ಸಿ. ವಿದ್ಯುತ್ ಬಫಲೊ ನಗರ ಮುಟ್ಟಿತು. ಆರು ವರ್ಷದೊಳಗೆ, 1902ರಲ್ಲಿ, ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ದೂರ ವಿದ್ಯುತ್ ಹರಿಯಿತು. ಅದೂ ಎ.ಸಿ.ಯೇ.

ಬ್ರಷ್ ಹೋಗಲಿಲ್ಲ, ಜಾಗ ಬದಲಿಸಿತು

ಹಾಗಾದರೆ ಬ್ರಷ್ ಕಥೆ ಮುಗಿಯಿತೇ? ಇಲ್ಲ. ನಯಾಗರದ 5,000 ಅಶ್ವಶಕ್ತಿಯ ಜನರೇಟರುಗಳಲ್ಲಿ ತಿರುಗುತ್ತಿದ್ದುದು ಕಾಂತಗಳು. ಅವಕ್ಕೆ ಡಿ.ಸಿ. ತಲುಪಿಸಲು ಬ್ರಷ್ ಬೇಕೇ ಬೇಕಿತ್ತು. ಆದರೆ ಇಲ್ಲಿ ಬ್ರಷ್ ಉಜ್ಜುವುದು ಪಟ್ಟಿಪಟ್ಟಿ ಕಮ್ಯುಟೇಟರ್ ಮೇಲಲ್ಲ, ಬಳೆಯಂತೆ ಅಖಂಡವಾದ ಸ್ಲಿಪ್ ರಿಂಗ್ ಮೇಲೆ. ಇಲ್ಲಿ ಕರೆಂಟಿನ ದಿಕ್ಕು ಬದಲಿಸುವ ಗೋಜಿಲ್ಲ. ಆದ್ದರಿಂದ ಸ್ಲಿಪ್ ರಿಂಗ್‌ನಲ್ಲಿ ಕಿಡಿ ಕಂಡರೆ, ಅದು ಯಂತ್ರದ ಸ್ವಭಾವವಲ್ಲ, ಎಲ್ಲೋ ತಪ್ಪಾಗಿದೆ ಎಂದೇ ಅರ್ಥ. ಕ್ರೇನ್, ಕ್ರಷರ್, ಸಿಮೆಂಟ್ ಮಿಲ್‌ಗಳಲ್ಲಿ ಸ್ಲಿಪ್ ರಿಂಗ್ ಮೋಟಾರ್ ಇಂದಿಗೂ ಇದೆ. ಭಾರ ಹೊತ್ತುಕೊಂಡೇ ಸ್ಟಾರ್ಟ್ ಆಗಲು ಅದರ ರೋಟರ್‌ಗೆ ಹೊರಗಿನಿಂದ ರೆಸಿಸ್ಟೆನ್ಸ್ ಜೋಡಿಸಬೇಕು. ಗಾಳಿಯಂತ್ರಗಳ ಒಂದು ದೊಡ್ಡ ವರ್ಗದಲ್ಲಿ ಗೋಪುರದ ತುದಿಯಲ್ಲಿ ಸ್ಲಿಪ್ ರಿಂಗ್ ತಿರುಗುತ್ತಿರುತ್ತದೆ.

ಎಲೆಕ್ಟ್ರಿಕಲ್ ಓದಿ ಕೆಲಸ ಹುಡುಕುತ್ತಿರುವವರು ಇದನ್ನು ಗಮನಿಸಬೇಕು. ಬ್ರಷ್ ಬೇಗ ಸವೆಯುತ್ತಿದೆ ಎಂದರೆ ಹೊಸ ಬ್ರಷ್ ಹಾಕುವುದು ಯಾರಿಗಾದರೂ ಬರುತ್ತದೆ. ಏಕೆ ಸವೆಯಿತು ಎಂದು ಹುಡುಕುವವನಿಗೆ ಬೆಲೆ.

ಮೊದಲು ರಿಂಗಿನ ಮೈ ನೋಡಿ. ಚೆನ್ನಾಗಿರುವ ರಿಂಗ್ ಮೇಲೆ ಕಂದು ಬಣ್ಣದ ನವಿರು ಪೊರೆ ಇರುತ್ತದೆ. ಲೋಹದ ಆಕ್ಸೈಡ್, ಗ್ರಾಫೈಟ್, ಗಾಳಿಯ ತೇವ ಸೇರಿ ಆದದ್ದು ಅದು. ಉಜ್ಜಾಟ ಕಡಿಮೆ ಮಾಡಿ ರಿಂಗ್, ಬ್ರಷ್ ಎರಡನ್ನೂ ಕಾಯುವುದು ಈ ಪೊರೆಯೇ. ಕೊಳೆ ಎಂದುಕೊಂಡು ಅದನ್ನು ತಿಕ್ಕಿ ಹೊಳೆಯುವಂತೆ ಮಾಡುವವರಿದ್ದಾರೆ. ಅದು ಒಳ್ಳೆಯದಕ್ಕೆ ಹೋಗಿ ಕೆಟ್ಟದ್ದು ಮಾಡಿದಂತೆ. ಗಾಳಿ ತೀರಾ ಒಣಗಿದ್ದರೂ ಪೊರೆ ಕಟ್ಟುವುದಿಲ್ಲ. ಮೋಟಾರ್ ಸದಾ ತೀರಾ ಕಡಿಮೆ ಲೋಡಿನಲ್ಲಿ ಓಡಿದರೂ ಪೊರೆ ಹಾಳಾಗಿ ರಿಂಗ್ ಮೇಲೆ ಗೀರು ಬೀಳುತ್ತದೆ. ಕೆಲಸ ಹೆಚ್ಚಾದರೆ ಮಾತ್ರ ಸವೆತ ಎಂದುಕೊಂಡಿದ್ದರೆ ಅದು ಅರ್ಧ ಸತ್ಯ.

ಆಮೇಲೆ ಸ್ಪ್ರಿಂಗ್. ಒತ್ತಡ ಕಡಿಮೆಯಾದರೆ ಬ್ರಷ್ ಕುಣಿದು ಕಿಡಿ ಹಾರುತ್ತದೆ. ಹೆಚ್ಚಾದರೆ ಉಜ್ಜಿ ಬಿಸಿಯಾಗಿ ಸವೆಯುತ್ತದೆ. ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 150ರಿಂದ 200 ಗ್ರಾಂನಷ್ಟು ಒತ್ತಡ ಇಡುತ್ತಾರೆ. ಎಲ್ಲಾ ಸ್ಪ್ರಿಂಗ್‌ಗಳ ಒತ್ತಡ ಒಂದೇ ಆಗಿರುವುದು ಅದಕ್ಕಿಂತ ಮುಖ್ಯ. ಒಂದೇ ರಿಂಗ್ ಮೇಲಿನ ನಾಲ್ಕು ಬ್ರಷ್‌ಗಳಲ್ಲಿ ಮೂರು ಸಡಿಲವಾದರೆ ನಾಲ್ಕನೆಯದು ಎಲ್ಲರ ಕರೆಂಟ್ ಹೊತ್ತು ಸುಡುತ್ತದೆ. ಬೇರೆ ಬೇರೆ ಗ್ರೇಡಿನ ಬ್ರಷ್ ಬೆರೆಸಿ ಹಾಕಿದರೂ ಇದೇ ಗತಿ. ಹೋಲ್ಡರ್‌ನಲ್ಲಿ ಕಾರ್ಬನ್ ಪುಡಿ ತುಂಬಿ ಬ್ರಷ್ ಸಿಕ್ಕಿಕೊಂಡಿರಬಹುದು, ಕೈಯಲ್ಲಿ ಎತ್ತಿ ಬಿಟ್ಟರೆ ತಿಳಿಯುತ್ತದೆ. ಇದೆಲ್ಲ ಸಪ್ಲೈ ತೆಗೆದು, ಯಂತ್ರ ನಿಂತ ಮೇಲೆ ಮಾತ್ರ.

ರಿಂಗ್ ಸರಿಯಾಗಿ ದುಂಡಗಿದೆಯೇ ಎಂದು ಡಯಲ್ ಗೇಜ್ ಇಟ್ಟು ನೋಡಬೇಕು. ಒಂದು ಕಡೆ ಚಪ್ಪಟೆಯಾಗಿದ್ದರೆ ಪ್ರತಿ ಸುತ್ತಿಗೂ ಬ್ರಷ್ ಜಿಗಿಯುತ್ತದೆ, ಆ ಜಾಗ ಇನ್ನಷ್ಟು ಸುಡುತ್ತದೆ. ಬೇರಿಂಗ್‌ನಿಂದ ಎಣ್ಣೆ ಆವಿ ಬರುತ್ತಿದೆಯೇ ನೋಡಬೇಕು. ಹತ್ತಿರದಲ್ಲಿ ಸಿಲಿಕೋನ್ ಅಂಟು ಬಳಸಿದ್ದರೆ ಅದರ ಆವಿಯೂ ಬ್ರಷ್ಷನ್ನು ಬೇಗ ತಿನ್ನುತ್ತದೆ. ಡಿ.ಸಿ. ಹರಿಯುವ ಎರಡು ರಿಂಗ್‌ಗಳಲ್ಲಿ ಒಂದು ಬೇಗ ಸವೆಯುವುದು ಸಹಜ. ಅದಕ್ಕೇ ಆಗಾಗ ಪಾಸಿಟಿವ್, ನೆಗೆಟಿವ್ ಅದಲುಬದಲು ಮಾಡುತ್ತಾರೆ. ಹೊಸ ಬ್ರಷ್ಷಿನ ಮುಖವನ್ನು ರಿಂಗಿನ ಬಾಗಿಗೆ ಕೂರಿಸಲು ಸ್ಯಾಂಡ್ ಪೇಪರ್ ಬಳಸಬೇಕು, ಎಮರಿ ಪೇಪರ್ ಕೂಡದು. ಅದರ ಗಟ್ಟಿ ಹರಳುಗಳು ಬ್ರಷ್ಷಿನಲ್ಲಿ ಹೂತು ರಿಂಗನ್ನು ಗೀಚುತ್ತವೆ. ಉದುರಿದ ಕಾರ್ಬನ್ ಪುಡಿಯನ್ನು ವ್ಯಾಕ್ಯೂಮ್‌ನಿಂದ ಎಳೆದು ತೆಗೆದು, ಮೆಗ್ಗರ್ ಹಾಕಿ ನೋಡಬೇಕು. ಆ ಪುಡಿ ಕರೆಂಟ್ ಹರಿಸುತ್ತದೆ. ನಿರೋಧಕದ ಮೇಲೆ ಕುಳಿತರೆ ಒಂದು ದಿನ ಇಡೀ ಯಂತ್ರವನ್ನೇ ಸುಡಬಹುದು.

ಕೊನೆಯ ದಿನಗಳು

ಟೆಸ್ಲಾನ ಉಳಿದ ಬದುಕಿನಲ್ಲಿ ಏರಿಗಿಂತ ಇಳಿತ ಹೆಚ್ಚು. 1895ರಲ್ಲಿ ಪ್ರಯೋಗಾಲಯ ಸುಟ್ಟು ಬೂದಿಯಾಯಿತು. ತಂತಿಯಿಲ್ಲದೆ ಸಂದೇಶ, ವಿದ್ಯುತ್ ಕಳುಹಿಸುವ ವಾರ್ಡನ್‌ಕ್ಲಿಫ್ ಗೋಪುರ ಹಣವಿಲ್ಲದೆ ಅರ್ಧಕ್ಕೆ ನಿಂತು, 1917ರಲ್ಲಿ ನೆಲಕ್ಕುರುಳಿತು. ಅದೇ ವರ್ಷ ಎಡಿಸನ್ ಹೆಸರಿನ ಪದಕ ಆತನ ಕೊರಳಿಗೆ ಬಂದದ್ದು ವಿಧಿಯ ತಮಾಷೆ. ಮದುವೆಯಾಗಲಿಲ್ಲ, ಸ್ವಂತ ಮನೆಯಿರಲಿಲ್ಲ, ಹೋಟೆಲುಗಳಲ್ಲಿ ಸಾಲ ಮಾಡಿಕೊಂಡು, ಪಾರಿವಾಳಗಳಿಗೆ ಕಾಳು ಹಾಕುತ್ತ ಕಾಲ ಕಳೆದ. 1943ರ ಜನವರಿ 7ರಂದು ನ್ಯೂಯಾರ್ಕರ್ ಹೋಟೆಲಿನ ಕೋಣೆಯಲ್ಲಿ ಒಬ್ಬನೇ ತೀರಿಕೊಂಡ. 1960ರಲ್ಲಿ ಕಾಂತಕ್ಷೇತ್ರದ ಬಲವನ್ನು ಅಳೆಯುವ ಮಾನಕ್ಕೆ ಆತನ ಹೆಸರಿಟ್ಟರು.

ಟೆಸ್ಲಾ ಅಪ್ರತಿಮ ಪ್ರತಿಭೆ, ನಮಗೂ ಅವನಿಗೂ ಏನು ಸಂಬಂಧ ಎನ್ನಬಹುದು. ಆದರೆ ಗ್ರಾಟ್ಸ್‌ನ ಆ ತರಗತಿಯಲ್ಲಿ ಕಿಡಿಯನ್ನು ಎಲ್ಲರೂ ನೋಡಿದ್ದರು. ಪ್ರೊಫೆಸರ್ ಹೇಳಿದ ಕಾರಣವನ್ನೂ ಎಲ್ಲರೂ ಕೇಳಿದ್ದರು. ಒಬ್ಬ ಮಾತ್ರ ಆ ಪ್ರಶ್ನೆಯನ್ನು ಇಸ್ಪೀಟಿನ ಮೇಜು, ನಕ್ಷೆಯ ಕಚೇರಿ, ಕೆಟ್ಟ ಡೈನಮೊ, ಕಾಲುವೆಯ ಮಣ್ಣು ಎಲ್ಲದರ ನಡುವೆ ಹೊತ್ತು ತಿರುಗಿದ.

ಮುಂದಿನ ಸಲ ಮಿಕ್ಸಿ ರಿಪೇರಿಗೆ ಕೊಟ್ಟಾಗ ಹಳೆಯ ಕಾರ್ಬನ್ ತುಂಡುಗಳನ್ನು ಕೇಳಿ ಪಡೆಯಿರಿ. ಮುಖ ಒಂದೇ ಸಮನೆ ಹೊಳೆಯುತ್ತಿದೆಯೇ, ಅಂಚು ಸುಟ್ಟಿದೆಯೇ, ಎರಡೂ ಒಂದೇ ಅಳತೆಗೆ ಸವೆದಿವೆಯೇ ನೋಡಿ. ಒಂದು ಗಿಡ್ಡ, ಇನ್ನೊಂದು ಉದ್ದ ಇದ್ದರೆ ಏಕೆ ಎಂದು ಯೋಚಿಸಿ. ಉತ್ತರ ತಕ್ಷಣ ಸಿಗದಿದ್ದರೆ ತುಂಡನ್ನು ಎಸೆಯಬೇಡಿ, ಮೇಜಿನ ಮೇಲೆ ಇಟ್ಟುಕೊಳ್ಳಿ.